ಎಡಗಡೆ ಸೀಟಿನ ಹೊಟ್ಟೆ

ಕಾರು ಓಡಿಸಲು ಕಲಿಸುವ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ಒಮ್ಮೊಮ್ಮೆ ನನ್ನನ್ನು ಹುಡುಕಿಕೊಂಡು ಬಂದು, "ಮಾಸ್ತರೇ, ಈ ಕೆಲಸದ ಗುಟ್ಟು ಏನು?" ಎಂದು ಕೇಳುತ್ತಾರೆ. ಗುಟ್ಟೂ ಇಲ್ಲ, ಮಣ್ಣೂ ಇಲ್ಲ. ಬಲಗಡೆ ಕೂತು ಕಲಿಯುವವರ ಕೈಯಲ್ಲಿ ಸ್ಟೇರಿಂಗು, ಗೇರು, ಹಾರ್ನು ಎಲ್ಲ ಇರುತ್ತದೆ. ಎಡಗಡೆ ಕೂತ ನಿಮಗೆ ಇರುವುದು ಕಾಲಡಿಯ ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು ಮತ್ತು ನಿಮ್ಮ ಸ್ವಂತ ಬಾಯಿ. ಬ್ರೇಕು ಕ್ಲಚ್ಚುಗಳನ್ನು ಮೆಕ್ಯಾನಿಕ್ ರಿಪೇರಿ ಮಾಡಿಕೊಡುತ್ತಾನೆ. ಬಾಯಿಯನ್ನು ನೀವೇ ಮಾಡಿಕೊಳ್ಳಬೇಕು. ನನ್ನದು ರಿಪೇರಿಯಾಗಲು ನಿಲ್ಕುಂದದ ಕಾಡಿನಿಂದ ಜಪಾನಿನವರೊಬ್ಬರು ಇಳಿದು ಬರಬೇಕಾಯಿತು. ಅವರು ಹೇಳಿಕೊಟ್ಟದ್ದು ಏನು, ನಾನು ಕಲಿತದ್ದು ಏನು, ನಡುವೆ ಆದ ಅವಾಂತರ ಏನು, ಇಷ್ಟನ್ನು ಬರೆದಿಡುತ್ತೇನೆ. ಗುಟ್ಟನ್ನು ನೀವೇ ಹುಡುಕಿಕೊಳ್ಳಿ.

ನಾನು ಶಿರಸಿಯ ದತ್ತಣ್ಣನ ಡ್ರೈವಿಂಗ್ ಶಾಲೆಯಲ್ಲಿ ಜೀಪಿನ ಕಾಲದಿಂದಲೂ ಇದ್ದವನು. ವಾರದಲ್ಲಿ ಕೆಲವು ದಿನ ಶಿರಸಿ, ಉಳಿದ ದಿನ ಸಿದ್ದಾಪುರ, ಯಲ್ಲಾಪುರ. ತೊಂಬತ್ತರ ದಶಕದ ಮೊದಲಲ್ಲಿ ಕಲಿಯಲು ಬರುತ್ತಿದ್ದವರು ಲಾರಿ, ಟೆಂಪೋ ಓಡಿಸಿ ಬದುಕಬೇಕೆಂದಿದ್ದ ಗಟ್ಟಿಗರು. ಅವರಿಗೆ ಬೈಗುಳವೇ ಪಾಠ. ಬೈದಷ್ಟೂ ಬೇಗ ಕಲಿಯುತ್ತಿದ್ದರು, ಇಲ್ಲವೇ ನನ್ನಿಂದ ಪಾರಾಗಲು ಕಲಿತವರ ಹಾಗೆ ನಟಿಸುತ್ತಿದ್ದರು. ದಶಕ ಮುಗಿಯುವ ಹೊತ್ತಿಗೆ ಜೀಪು ಹೋಗಿ ಬಿಳಿಯ ಪುಟ್ಟ ಕಾರು ಬಂತು. ಬ್ಯಾಂಕಿನವರು, ಶಾಲೆಯ ಅಕ್ಕೋರುಗಳು, ಅಂಗಡಿಯ ಯಜಮಾನರು ಕಲಿಯಲು ಬಂದರು. ನನ್ನ ಬಾಯಿ ಮಾತ್ರ ಜೀಪಿನ ಕಾಲದ್ದೇ ಉಳಿಯಿತು. ಕಾದ ಎಣ್ಣೆಗೆ ಬಿದ್ದ ಸಾಸಿವೆಯ ಹಾಗೆ ಸಿಡಿಯುತ್ತಿದ್ದೆನಾದ್ದರಿಂದ ಬೆನ್ನ ಹಿಂದೆ ನನಗೆ 'ಒಗ್ಗರಣೆ ಮಾಸ್ತರು' ಎಂದು ಹೆಸರಿತ್ತು. ನನಗದು ಗೊತ್ತಿತ್ತು. ಕೆಟ್ಟ ಹೆಸರೇನಲ್ಲ, ಒಗ್ಗರಣೆ ಇಲ್ಲದೆ ಸಾರು ಯಾರು ಉಣ್ಣುತ್ತಾರೆ?

ಒಂದು ದಿನ ಇಸಳೂರಿನಲ್ಲಿ ಪ್ರೌಢಶಾಲೆಯ ಅಕ್ಕೋರೊಬ್ಬರಿಗೆ ಕಲಿಸುತ್ತಿದ್ದೆ. ಅಲ್ಲಿ ಆಗ ಹೊಸ ಮನೆಗಳು ಏಳುತ್ತಿದ್ದ ಕಾಲ, ರಸ್ತೆಯ ಪಕ್ಕದಲ್ಲಿ ಮರಳಿನ ರಾಶಿ. ಕಾರು ಆ ಕಡೆ ವಾಲಿತು. "ಬ್ರೇಕ್! ಬ್ರೇಕ್ ಒತ್ರೇ!" ಎಂದು ನಾನು ಕೂಗಿದ ಕೂಗಿಗೆ ಅವರು ಬ್ರೇಕು ಒತ್ತಲಿಲ್ಲ. ಸ್ಟೇರಿಂಗು ಬಿಟ್ಟು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು. ಕೂಗುವ ಭರದಲ್ಲಿ ನನ್ನ ಕಾಲಡಿಯಲ್ಲೂ ಒಂದು ಬ್ರೇಕು ಇದೆ ಎಂಬುದೇ ನನಗೆ ಮರೆತುಹೋಗಿತ್ತು. ಕಾರು ನಿಧಾನವಾಗಿ ಮರಳಿನ ರಾಶಿ ಹತ್ತಿ ಕೂತಿತು. ಅಕ್ಕೋರು ಇಳಿದರು, ಸೀರೆ ಕೊಡವಿಕೊಂಡರು, ಆಟೋ ಹತ್ತಿ ಮನೆಗೆ ಹೋದರು. ಮತ್ತೆ ಬರಲಿಲ್ಲ.

ಹೀಗೆ ಅರ್ಧಕ್ಕೆ ಬಿಟ್ಟವರು ಆ ವರ್ಷ ಅವರೊಬ್ಬರೇ ಆಗಿರಲಿಲ್ಲ. ದತ್ತಣ್ಣ ನನ್ನನ್ನು ಕರೆದು ಕೂರಿಸಿಕೊಂಡ. "ಎಂತ ಮಾರಾಯ, ಅವ್ರು ಕಾರು ಕಲಿಲಿಕ್ಕೆ ಬಂದದ್ದೋ, ನಿನ್ನತ್ರ ಬೈಸ್ಕೊಳ್ಳಲಿಕ್ಕೆ ಬಂದದ್ದೋ? ಇನ್ನೊಬ್ರು ನಿನ್ನ ಬಾಯಿಗೆ ಹೆದರಿ ಬಿಟ್ಟು ಹೋದ್ರೆ ಆ ಸೀಟಿಗೆ ನನ್ನ ಅಳಿಯನ್ನ ಕೂರಿಸ್ತೆ ನೋಡು."

ಅಳಿಯ ಎಂದರೆ ದತ್ತಣ್ಣನ ಅಕ್ಕನ ಮಗ ಸುರೇಶ. ಕಡ್ಡಿಯಂಥ ಮನುಷ್ಯ, ಮಾತು ಮೆತ್ತಗೆ, ನಗು ಸದಾ. ಅವನು ಸಂಜೆ ಹೊತ್ತು ಕಾರಿನಲ್ಲಿ ಕೂತು ಎಡಗಡೆ ಸೀಟನ್ನು ತನ್ನ ಅಳತೆಗೆ ಮುಂದಕ್ಕೆ ಎಳೆದುಕೊಂಡು ನೋಡುತ್ತಿದ್ದ. ಬೆಳಿಗ್ಗೆ ನಾನು ಹತ್ತಿದರೆ ಹೊಟ್ಟೆ ಡ್ಯಾಶ್‌ಬೋರ್ಡಿಗೆ ತಾಗುತ್ತಿತ್ತು. ದಿನಾ ಹಿಂದಕ್ಕೆ ತಳ್ಳುತ್ತಿದ್ದೆ, ದಿನಾ ಅದು ಮುಂದಕ್ಕೆ ಬರುತ್ತಿತ್ತು. ನನಗೆ ಬೇರೆ ವಿದ್ಯೆ ಗೊತ್ತಿಲ್ಲ. ಆ ಸೀಟು ಹೋದರೆ ನಾನು ಏನೂ ಅಲ್ಲ ಎಂಬ ಭಯ ಆ ವರ್ಷ ನನ್ನನ್ನು ಬಿಡದೆ ಕಾಡಿತು. ಭಯವಾದಷ್ಟೂ ಬಾಯಿ ಇನ್ನಷ್ಟು ಜೋರಾಯಿತು.

ಆಗ ಬಂದವರು ನಕಾನೋ. ಕಾಡಿನ ಕಲ್ಲು ಮರಗಳ ಮೇಲೆ ಬೆಳೆಯುವ ಪಾಚಿಯನ್ನು ಓದಲೆಂದು ಜಪಾನಿನಿಂದ ಬಂದು ನಿಲ್ಕುಂದದ ಒಂದು ಮನೆಯಲ್ಲಿ ಉಳಿದಿದ್ದರು. ಜನ ಅವರನ್ನು ಪಾಚಿ ಸಾಹೇಬರು ಎನ್ನುತ್ತಿದ್ದರು. ಆ ಮನೆಯ ಅಡುಗೆಮನೆಯಲ್ಲೇ ಕೂತು ಕನ್ನಡ ಕಲಿತಿದ್ದರಿಂದ ಅವರ ಬಾಯಲ್ಲಿ ಬರುತ್ತಿದ್ದದ್ದು ಅಪ್ಪಟ ನಮ್ಮ ಮನೆಮಾತು. ಮೊದಲ ದಿನ ಸಿದ್ದಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ನನಗೆ ಬಗ್ಗಿ ನಮಸ್ಕಾರ ಮಾಡಿ, "ಮಾಸ್ತ್ರೇ, ಆಸ್ರಿಂಗೆ ಆತ?" ಎಂದು, ಕುಡಿಯಲು ಏನಾದರೂ ಆಯಿತೇ ಎಂದು ನಮ್ಮವರ ಹಾಗೆಯೇ ಕೇಳಿದಾಗ ನಾನು ಹಿಂದೆ ತಿರುಗಿ ಮಾತಾಡಿದವರು ಯಾರೆಂದು ಹುಡುಕಿದೆ.

ಅವರಿಗೆ ಕಾರು ಬರುತ್ತಿತ್ತು. ನಮ್ಮ ರಸ್ತೆ ಬರುತ್ತಿರಲಿಲ್ಲ. ಶಿರಸಿ ದಾರಿಯಲ್ಲಿ ಹೋಗುವಾಗ ಒಂದು ಹೋರಿ ಅಡ್ಡ ನಿಂತಿತು. ನಕಾನೋ ಕಾರು ನಿಲ್ಲಿಸಿ ಕೈಕಟ್ಟಿ ಕೂತರು. ಹಿಂದೆ ಬಸ್ಸು ಬಂತು, ಲಾರಿ ಬಂತು. "ಹಾರ್ನ್ ಹೊಡಿರಿ ಮಾರಾಯ್ರೇ, ಹಾರ್ನು!" ಎಂದು ನಾನು ಬೊಬ್ಬೆ ಹಾಕಿದೆ.

"ಅದು ಹೋಗ್ತು ಮಾಸ್ತ್ರೇ. ಅದಕ್ಕೂ ಕೆಲ್ಸ ಇದ್ದು," ಎಂದರು ನಕಾನೋ. ಹೋರಿ ನಿಜಕ್ಕೂ ಹೋಯಿತು. ಆಮೇಲೆ ಅವರು ಕಾರನ್ನು ಬದಿಗೆ ಹಾಕಿ ನನ್ನನ್ನೇ ಅಡಿಯಿಂದ ಮುಡಿಯವರೆಗೆ ನೋಡಿದರು. "ನಿಂಗಳ ಉಸ್ರು ಇಲ್ಲಿ ಇದ್ದು," ಎಂದು ಗಂಟಲು ತೋರಿಸಿದರು. "ಇಲ್ಲಿಗೆ ಇಳ್ಸವು," ಎಂದು ಹೊಕ್ಕುಳ ಕೆಳಗೆ ನಾಲ್ಕು ಬೆರಳು ಇಟ್ಟು ತೋರಿಸಿದರು. ನನ್ನ ಹೊಟ್ಟೆಯ ಕಡೆ ಮೆಚ್ಚುಗೆಯಿಂದ ನೋಡಿ, "ಜಾಗ ಸುಮಾರಿದ್ದು," ಎಂದೂ ಸೇರಿಸಿದರು.

ಉಪನಯನವಾದಂದಿನಿಂದ ಸಂಧ್ಯಾವಂದನೆಯಲ್ಲಿ ಮೂಗು ಹಿಡಿದವನು ನಾನು. ನನಗೆ ಇವರು ಉಸಿರಾಡಲು ಕಲಿಸುವುದೇ ಎಂದು ಸಿಟ್ಟು ಬಂತು. ಆದರೆ ಬಸ್ಸು ತಪ್ಪುತ್ತದೆ ಎಂಬ ಅವಸರದಲ್ಲಿ ಹಿಡಿದ ಮೂಗಿನಿಂದ ಯಾರಿಗೆ ಶಾಂತಿ ಸಿಕ್ಕಿದೆ? ನಕಾನೋ ಹೇಳಿದ್ದು ಬೇರೆ ಥರ. ಅವರ ಕಡೆ ಝೆನ್ ಎಂಬ ಧ್ಯಾನದ ದಾರಿ ಇದೆ. ಗೋಡೆಗೆ ಮುಖ ಮಾಡಿ ಬೆನ್ನು ನೆಟ್ಟಗಿಟ್ಟು ಸುಮ್ಮನೆ ಕೂರುವುದು. ಮೂಗು ಹಿಡಿಯುವುದಿಲ್ಲ, ಮಂತ್ರವಿಲ್ಲ. ಉಸಿರನ್ನು ಹೊಟ್ಟೆಯ ತಳದಿಂದ ನಿಧಾನವಾಗಿ, ಉದ್ದಕ್ಕೆ ಹೊರಗೆ ಬಿಡುವುದು. ಒಳಗೆ ಬರುವುದು ತಾನೇ ಬರುತ್ತದೆ, ಆಗ ಹೊಟ್ಟೆ ಉಬ್ಬುತ್ತದೆ. ಬಿಟ್ಟ ಉಸಿರನ್ನು ಒಂದರಿಂದ ಹತ್ತರವರೆಗೆ ಎಣಿಸುವುದು, ಲೆಕ್ಕ ತಪ್ಪಿದರೆ ಸಿಟ್ಟಾಗದೆ ಮತ್ತೆ ಒಂದರಿಂದ. ಇಷ್ಟೇ.

ಇಷ್ಟೇ ಎಂದರೆ ಸುಲಭವೇ? ಮನೆಯಲ್ಲಿ ಕಂಬಳಿ ಮಡಚಿ ಹಾಕಿ ಗೋಡೆಗೆ ಮುಖ ಮಾಡಿ ಕೂತೆ. ನನ್ನ ಹೆಂಡತಿ ಬಂದು ನೋಡಿ, "ಎಂತ ಆತು, ಅಜೀರ್ಣವ?" ಎಂದು ಕೇಳಿ ಓಮದ ನೀರು ತಂದಿಟ್ಟಳು. ಕಾರಿನಲ್ಲಂತೂ ನಾನು ಮೂರು ದಾಟಿದ್ದೇ ಇಲ್ಲ. ಮೂರಕ್ಕೆ ಸರಿಯಾಗಿ ಯಾರಾದರೂ ಗೇರನ್ನು ಕರಕರ ಎನ್ನಿಸುತ್ತಿದ್ದರು. ಆದರೂ ಸೀಟಿನ ಭಯಕ್ಕೆ ಬಿಡದೆ ಮಾಡಿದೆ. ಬೈಗುಳ ಗಂಟಲಿಗೆ ಬಂದಾಗಲೆಲ್ಲ ಹೊಟ್ಟೆಯಿಂದ ಉಸಿರು ಬಿಟ್ಟೆ. ಉದ್ದಕ್ಕೆ ಬಿಡುವಷ್ಟರಲ್ಲಿ ಬೈಯಬೇಕಾದ ತಿರುವು ಹಿಂದೆ ಹೋಗಿರುತ್ತಿತ್ತು. ಹಿಂದೆ ಹೋದ ತಿರುವಿಗೆ ಬೈಯುವುದು ಹೇಗೆ?

ಕಲಿಯುವವರಿಗೂ ಹೇಳಿಕೊಟ್ಟೆ. ಯಲ್ಲಾಪುರದಲ್ಲಿ ಬ್ಯಾಂಕಿನ ನೌಕರರೊಬ್ಬರಿದ್ದರು, ಬಹಳ ಶ್ರದ್ಧೆಯ ಜನ. ನೇರ ರಸ್ತೆಯಲ್ಲಿ ಹೋಗುತ್ತ, "ಹೊಟ್ಟೆಗೆ ಗಮನ ಕೊಡಿ, ಉಸಿರು ಬಿಡಿ" ಎಂದೆ. ಎಷ್ಟು ಚೆನ್ನಾಗಿ ಬಿಡುತ್ತಿದ್ದಾರೆಂದು ಮೆಚ್ಚಿ ಅವರ ಮುಖ ನೋಡಿದರೆ ಕಣ್ಣು ಪೂರ್ತಿ ಮುಚ್ಚಿದ್ದಾರೆ! ಎದುರಿಗೆ ಅರಬೈಲು ಘಟ್ಟ ಹತ್ತಿ ಬಂದ ಲಾರಿ. ನಾನು ಕಾಲಡಿಯ ಬ್ರೇಕು ಒತ್ತಿ ನಿಲ್ಲಿಸಿ, ಅವರ ತೋಳು ಅಲುಗಿಸಿದೆ. "ಧ್ಯಾನ ಅಂದ್ರಲ್ಲ ಮಾಸ್ತರೇ," ಎಂದರು ನೊಂದುಕೊಂಡು. ನಕಾನೋಗೆ ಇದನ್ನು ಹೇಳಿದಾಗ, ಝೆನ್ನಿನಲ್ಲಿ ಕೂರುವಾಗಲೂ ಕಣ್ಣು ಅರ್ಧ ತೆರೆದೇ ಇರಬೇಕು ಎಂದರು. ನಾನು ಅದಕ್ಕೆ ಉಳಿದರ್ಧವನ್ನು ಸೇರಿಸಿ ಎಲ್ಲರಿಗೂ ಹೇಳತೊಡಗಿದೆ.

ಅಂತೂ ಕೂಗಾಟ ನಿಂತಿತು. ಯಾರೂ ಬಿಟ್ಟು ಹೋಗಲಿಲ್ಲ. ಆಗಲೇ ಕೋಲಸಿರ್ಸಿಯ ಗಂಗಕ್ಕ ಸೇರಿದ್ದು. ಮದುವೆ ಉಪನಯನಗಳಿಗೆ ಅಡುಗೆ ವಹಿಸಿಕೊಂಡು ಮಾಡಿಸುವ ಹೆಂಗಸು. ಹಂಡೆಗಟ್ಟಲೆ ಪಾಯಸದ ಎದುರು ಹೆದರದವಳು ಕ್ಲಚ್ಚಿನ ಎದುರು ಗಡಗಡ ನಡುಗುತ್ತಿದ್ದಳು. ಪಾತ್ರೆ ಸಾಗಿಸಲು ಹಳೆಯ ವ್ಯಾನೊಂದನ್ನು ಕೊಂಡಿದ್ದಳು. ಅದಕ್ಕೆ ಇಟ್ಟ ಡ್ರೈವರು ಮಹಾಶಯ ಮದುವೆಯ ದಿನವೇ ನಾಪತ್ತೆಯಾಗುವವನು. ತುಳಸಿ ಹಬ್ಬ ಕಳೆದು ಮದುವೆಗಳು ಶುರುವಾಗುವ ಮೊದಲು ತಾನೇ ಓಡಿಸಬೇಕೆಂದು ಹಟ ಹಿಡಿದಿದ್ದಳು. ಮೊದಲ ದಿನವೇ, "ಮಾಸ್ತ್ರೇ, ಬೈಯಡಿ. ಬೈದ್ರೆ ಎಂಗೆ ಕಣ್ಣೇ ಕಾಣ್ತಿಲ್ಲೆ," ಎಂದಳು. ನಾನು ಬೈಯದೆ ಉಸಿರು ಬಿಟ್ಟೆ. ಅವಳು ಕಲಿತಳು. ಏರಿನಲ್ಲಿ ನಿಲ್ಲಿಸಿ ಹಿಂದೆ ಜಾರದೆ ಹೊರಡುವುದು ಈ ವಿದ್ಯೆಯಲ್ಲೇ ಕಷ್ಟದ್ದು, ಅದನ್ನೂ ಕಲಿತಳು. ನನ್ನಷ್ಟು ಒಳ್ಳೆಯ ಮಾಸ್ತರು ಈ ಮೂರು ತಾಲೂಕಿನಲ್ಲಿ ಇಲ್ಲ ಎಂದು ನನಗೇ ಅನ್ನಿಸಿತು. ದತ್ತಣ್ಣ ಹೋಟೆಲಿಗೆ ಕರೆದುಕೊಂಡು ಹೋಗಿ ಮಸಾಲೆ ದೋಸೆ ಕೊಡಿಸಿದ.

ದೋಸೆ ಅರಗುವ ಮೊದಲೇ ಲೈಸೆನ್ಸಿನ ಪರೀಕ್ಷೆ ಬಂತು. ಪರೀಕ್ಷೆಗೆ ಬಂದ ಸಾಹೇಬರು ಹಾವೇರಿ ಕಡೆಯವರು, ಹೊಟ್ಟೆ ಬೆನ್ನಿಗೆ ಅಂಟಿದಂಥ ಸಪೂರ ಮನುಷ್ಯ. ಅವರು ನನ್ನ ಸೀಟಿನಲ್ಲಿ ಕೂತರು. ನಾನು ದತ್ತಣ್ಣನ ಜೊತೆ ರಸ್ತೆಯ ಬದಿಯಲ್ಲಿ, ಮೀಸೆ ತಿರುವಿಕೊಂಡು.

ಮೊದಲು ಹೋದವರು ಯಲ್ಲಾಪುರದ ಬ್ಯಾಂಕಿನವರು. ಕಾರು ಹೊರಡಲೇ ಇಲ್ಲ. ಸಾಹೇಬರು ಮತ್ತೆ ಮತ್ತೆ ಹೇಳಿದರೂ ಅವರು ಎಡಕ್ಕೆ ಬಗ್ಗಿ ಏನನ್ನೋ ಹುಡುಕುವವರ ಹಾಗೆ ನೋಡುತ್ತ ಕೂತರು. ಎರಡನೆಯವರು ಹೊರಟರು, ತಿರುವಿನಲ್ಲಿ ನಿಲ್ಲಿಸಲಿಲ್ಲ, ನೇರ ಗದ್ದೆಯ ಬೇಲಿಗೆ ಹೋದರು. ಮೂರನೆಯವರೂ ಹಾಗೆಯೇ ಏನೋ ಮಾಡಿ ಬಂದರು. ಗಂಗಕ್ಕ ಏರಿನವರೆಗೆ ಹೋಗಿ ನಿಲ್ಲಿಸಿದಳು. ಬೆಳಿಗ್ಗೆ ಎಲ್ಲೋ ಸಾರಿನ ಪುಡಿಗೆ ಮೆಣಸಿನಕಾಯಿ ಹುರಿದು ಹಾಗೆಯೇ ಬಂದಿದ್ದಳು. ಸೀರೆಯ ಘಾಟಿಗೆ ಸಾಹೇಬರು ಗಟ್ಟಿಯಾಗಿ ಒಂದು ಸೀನು ಸೀನಿದರು. ಗಂಗಕ್ಕ ಕ್ಲಚ್ಚು ಒಮ್ಮೆಲೇ ಬಿಟ್ಟಳು. ಕಾರು ಕಪ್ಪೆಯ ಹಾಗೆ ಕುಪ್ಪಳಿಸಿ ಬಂದ್ ಆಯಿತು.

ಸಾಹೇಬರು ಇಳಿದು ನನ್ನ ಹತ್ತಿರ ಬಂದರು. "ಏನ್ರೀ ಮಾಸ್ತರ, ಇವ್ರೆಲ್ಲಾ ರಸ್ತಾ ನೋಡೂದು ಬಿಟ್ಟು ನನ್ನ ಹೊಟ್ಟಿ ಯಾಕ ನೋಡ್ತಾರ್ರೀ? ನಾ ಮುಂಜಾನಿ ಏನ್ ತಿಂದೀನಿ ಅಂತ ನೋಡಾಕ್ ಹತ್ಯಾರೇನು?"

ನಾನು ಬ್ಯಾಂಕಿನವರ ಕಡೆ ತಿರುಗಿದೆ. ಅವರು ತಲೆ ತಗ್ಗಿಸಿ, "ಸಾಹೇಬ್ರ ಹೊಟ್ಟೆ ಅಲುಗ್ತಾನೇ ಇರಲಿಲ್ಲ ಮಾಸ್ತರೇ. ನಿಮ್ಮದು ಇಳಿದ ಹಾಗೆ ಇಳಿಲಿ ಅಂತ ಕಾಯ್ತಾ ಇದ್ದೆ," ಎಂದರು.

ಆಗ ನನಗೆ ಅರ್ಥವಾಯಿತು. ನಾನು ಬಾಯಿ ಮುಚ್ಚಿಕೊಂಡಿದ್ದೆ, ಹೊಟ್ಟೆ ಮುಚ್ಚಿಕೊಂಡಿರಲಿಲ್ಲ. ಕ್ಲಚ್ಚು ಬಿಡುವ ಹೊತ್ತಿಗೆ ನಾನು ಮೆಲ್ಲಗೆ ಉಸಿರು ಬಿಡುತ್ತಿದ್ದೆ, ಹೊಟ್ಟೆ ಇಳಿಯುತ್ತಿತ್ತು, ಅದಕ್ಕೆ ಸರಿಯಾಗಿ ಅವರು ಕಾಲು ಎತ್ತುತ್ತಿದ್ದರು. ಎದುರಿಗೆ ದನವೋ ಲಾರಿಯೋ ಕಂಡರೆ ನನ್ನ ಉಸಿರು ಗಕ್ಕನೆ ನಿಲ್ಲುತ್ತಿತ್ತು, ಹೊಟ್ಟೆಯೂ ನಿಲ್ಲುತ್ತಿತ್ತು, ಅವರು ಬ್ರೇಕು ಒತ್ತುತ್ತಿದ್ದರು. ನನ್ನ ಬೈಗುಳಕ್ಕೆ ಹೆದರುತ್ತಿದ್ದ ಜನ ಈಗ ನನ್ನ ಹೊಟ್ಟೆಯನ್ನು ನಂಬಿಕೊಂಡಿದ್ದರು. ಸೀನಿದ ಸಾಹೇಬರ ಹೊಟ್ಟೆ ಹಾರಿದ್ದಕ್ಕೆ ಗಂಗಕ್ಕನ ಕಾಲೂ ಹಾರಿತ್ತು. ಇಷ್ಟು ದಿನ ಕಾರು ಓಡಿಸಿದ್ದು ಅವರಲ್ಲ, ನನ್ನ ಪಾಠವೂ ಅಲ್ಲ, ನನ್ನ ಹೊಟ್ಟೆ.

ದತ್ತಣ್ಣ ನಗಲಿಲ್ಲ. "ಮುಂದಿನ ಪರೀಕ್ಷೆಗೆ ಇಷ್ಟೂ ಜನ ಪಾಸಾಗ್ಬೇಕು. ಒಬ್ರು ಬಿದ್ರೂ ಸುರೇಶ ಕೂರ್ತ," ಎಂದ. ಹಿಂದೆ ನಿಂತಿದ್ದ ಸುರೇಶ ಮೆತ್ತಗೆ ನಕ್ಕ. ಇವನಿಗೆ ಎಂತ ಉಸಿರಾಟ ಕಲಿಸಿದರೂ ವ್ಯರ್ಥ, ಹುಟ್ಟಾ ಶಾಂತ ಮನುಷ್ಯ. ಅಂಥವರನ್ನು ಕಂಡರೆ ನನಗೆ ಈಗಲೂ ಆಗುವುದಿಲ್ಲ.

ಮೊದಲು ನನಗೆ ತೋಚಿದ ಉಪಾಯ ಹೊಟ್ಟೆಯನ್ನು ಮುಚ್ಚುವುದು. ಮಡಿಲಲ್ಲಿ ದಿಂಬು ಇಟ್ಟುಕೊಂಡು ಕೂತೆ. ಎಲ್ಲರೂ ದಿಂಬು ನೋಡತೊಡಗಿದರು. ಶಾಲು ಹೊದ್ದೆ. ಶಾಲಿನ ನೆರಿಗೆ ನೋಡಿದರು. ಮತ್ತೆ ಬೈಯಲು ಶುರು ಮಾಡೋಣವೆಂದುಕೊಂಡೆ, ನಿಜವಾಗಿಯೂ ಬಾಯಿ ತೆರೆದೆ. ಗಂಗಕ್ಕ ಸ್ಟೇರಿಂಗಿನ ಮೇಲೆ ಹಣೆ ಇಟ್ಟು ಅತ್ತುಬಿಟ್ಟಳು. "ಎನ್ನ ಕೈಲಿ ಆಗ್ತಿಲ್ಲೆ ಮಾಸ್ತ್ರೇ. ವ್ಯಾನು ಮಾರಿ ಬಿಡ್ತೆ." ತೆರೆದ ಬಾಯಿಯನ್ನು ಮುಚ್ಚಿಕೊಂಡೆ. ಆ ಅಳು ನೋಡಿ ನನ್ನ ಸೀಟಿನ ಚಿಂತೆ ಒಂದು ಗಳಿಗೆ ಮರೆತೇಹೋಯಿತು. ನನಗೆ ಆ ಹೆಂಗಸಿನ ಮೇಲೆ ತುಂಬ ಪ್ರೀತಿ ಹುಟ್ಟಿದ್ದು ಆಗಲೇ.

ನಕಾನೋ ಆ ಹೊತ್ತಿಗೆ ಊರಿಗೆ ಹೊರಡುವ ತಯಾರಿಯಲ್ಲಿದ್ದರು. ಸಿದ್ದಾಪುರದಲ್ಲಿ ಸಿಕ್ಕಾಗ ಎಲ್ಲ ಹೇಳಿದೆ. ಅವರು ಅಷ್ಟು ನಗುವುದನ್ನು ನಾನು ನೋಡಿರಲಿಲ್ಲ. ಚಹದ ಲೋಟ ಕೆಳಗಿಟ್ಟು, ಬಸ್‌ಸ್ಟ್ಯಾಂಡಿನ ಕಟ್ಟೆ ಹಿಡಿದುಕೊಂಡು ನಕ್ಕರು. ಕಣ್ಣು ಒರೆಸಿಕೊಂಡು, "ಮಾಸ್ತ್ರೇ, ನಿಂಗ ಉಂಡ್ರೆ ಅವ್ರ ಹೊಟ್ಟೆ ತುಂಬ್ತಾ? ಅವ್ರ ಹೊಟ್ಟೆ ಅವ್ಕೇ ಕೊಡಿ," ಎಂದರು. ನಿಲ್ಕುಂದದ ಅಡುಗೆಮನೆಯಲ್ಲಿ ಎಷ್ಟು ಕಲಿತಿದ್ದರು ನೋಡಿ.

ಮಾರನೆಯ ದಿನದಿಂದ ಪಾಠ ಬದಲಾಯಿಸಿದೆ. ಕೀಲಿ ತಿರುಗಿಸುವ ಮೊದಲು ಅವರವರ ಕೈ ಅವರವರ ಹೊಟ್ಟೆಯ ಮೇಲೆ. ಹೊಕ್ಕುಳ ಕೆಳಗೆ ಉಸಿರು ಹೋಗುವುದನ್ನು, ಬರುವುದನ್ನು ಅವರೇ ಕಂಡುಕೊಳ್ಳಬೇಕು. ಆಮೇಲೆ ಕೈ ಸ್ಟೇರಿಂಗಿಗೆ, ಕಣ್ಣು ರಸ್ತೆಗೆ, ಪೂರ್ತಿ ತೆರೆದು. ಏರಿನಲ್ಲಿ ಉಸಿರು ಮೆಲ್ಲಗೆ ಬಿಡುತ್ತ ಅದರ ಜೊತೆಗೇ ಕ್ಲಚ್ಚು ಬಿಡುವುದು. ಹಾಗೆ ಮಾಡಿದರೆ ಕಾಲು ನಡುಗುವುದಿಲ್ಲ, ಬೇಕಾದರೆ ನೀವೂ ಮಾಡಿ ನೋಡಿ. ಶಿರಸಿಯ ಪೇಟೆಯಲ್ಲಿ ನಾವು ಹೊಟ್ಟೆ ಹಿಡಿದು ಕೂತದ್ದನ್ನು ಕಂಡು ಹಿಂದಿನ ಆಟೋದವರು, "ಎಂತದ್ರೋ, ಹೊಟ್ಟೆನೋವಾದ್ರೆ ದವಾಖಾನೆಗೆ ಹೋಗಿ," ಎಂದು ಕೂಗುತ್ತಿದ್ದರು. ತಿರುಗಿ ಬೈಯಲು ನನ್ನೊಳಗೆ ಒಗ್ಗರಣೆಯ ಸಾಸಿವೆ ಸಿಡಿಯುತ್ತಿತ್ತು. ಒಂದು, ಎರಡು, ಮೂರು ಎಂದು ಉಸಿರು ಎಣಿಸಿದೆ.

ಗಂಗಕ್ಕ ತನ್ನದೇ ದಾರಿ ಮಾಡಿಕೊಂಡಳು. ಒಲೆಯ ಮುಂದೆ ನಿಲ್ಲುವಾಗ ಮಾಡುವಂತೆ ಸೆರಗನ್ನು ಸೊಂಟಕ್ಕೆ ಸುತ್ತಿ ಬಿಗಿಯಾಗಿ ಸಿಕ್ಕಿಸಿದಳು. ಉಸಿರು ಒಳಗೆ ಬಂದರೆ ಸೆರಗು ಬಿಗಿಯಾಗುತ್ತದೆ, ಹೋದರೆ ಸಡಿಲವಾಗುತ್ತದೆ. ಬಗ್ಗಿ ನೋಡುವ ಕೆಲಸವೇ ಇಲ್ಲ. ನಾನು ಕಿಟಕಿಯ ಕಡೆ ಮುಖ ತಿರುಗಿಸಿ, ಕಾಲನ್ನು ಮಾತ್ರ ಬ್ರೇಕಿನ ಮೇಲೆ ಇಟ್ಟು ಕೂರತೊಡಗಿದೆ. ಸುಮ್ಮನೆ ಕೂರುವುದು ಎಂದು ನಕಾನೋ ಹೇಳಿದ್ದು ಇದನ್ನೇ ಇರಬೇಕು. ಬೈಯುವುದಕ್ಕಿಂತ ನೂರು ಪಾಲು ಕಷ್ಟ.

ಪರೀಕ್ಷೆಯ ದಿನ ಬಂತು. ಸಾಹೇಬರು ಅವರೇ. ಹಿಂದಿನ ಅನುಭವ ನೆನಪಿತ್ತೋ ಏನೋ, ಕಾರು ಹತ್ತಿದವರೇ ಫೈಲನ್ನು ಹೊಟ್ಟೆಗೆ ಅಡ್ಡ ಹಿಡಿದುಕೊಂಡರು. ಈ ಸಲ ಯಾರೂ ಆ ಕಡೆ ನೋಡಲಿಲ್ಲ. ಬ್ಯಾಂಕಿನವರು ಹೋಗಿ ಬಂದರು, ಪಾಸು. ಬೇಲಿಗೆ ಹೋಗಿದ್ದವರೂ ಪಾಸು. ಎಲ್ಲರೂ ಆಗಿ ಕೊನೆಗೆ ಉಳಿದವಳು ಗಂಗಕ್ಕ. ಸುರೇಶ ನನ್ನ ಪಕ್ಕದಲ್ಲೇ ಬಂದು ನಿಂತ, ಕೈಯಲ್ಲಿ ತಂಪು ಕನ್ನಡಕ ಬೇರೆ.

ಗಂಗಕ್ಕ ಏರಿನ ನಡುವೆ ಕಾರು ನಿಲ್ಲಿಸಿದಳು. ಹಿಂದೆ ಬಸ್ಸೊಂದು ಬಂದು ಒಂದೇ ಸಮನೆ ಹಾರ್ನು ಹೊಡೆಯಿತು. ಅವಳು ಹೊರಡಲಿಲ್ಲ. ಕಿಟಕಿಯಿಂದ ಸಾಹೇಬರ ಸೀನು ಕೇಳಿತು. ಇವತ್ತೂ ಮೆಣಸಿನಕಾಯಿ ಹುರಿದೇ ಬಂದಿದ್ದಾಳೆ ಪುಣ್ಯಾತ್ಗಿತ್ತಿ! ಮತ್ತೊಂದು ಸೀನು, ಫೈಲು ಕೆಳಗೆ ಬಿತ್ತು. ಕಾರು ಅಲುಗಲಿಲ್ಲ. ನನಗೆ ಓಡಿ ಹೋಗಿ ಕೂಗಬೇಕೆನ್ನಿಸಿತು. ಏನಂತ ಕೂಗಲಿ? ಅವಳ ಹೊಟ್ಟೆ ಅವಳಿಗೇ ಕೊಟ್ಟಾಗಿತ್ತು. ನಾನು ಕೈ ಹಿಸುಕಿಕೊಳ್ಳುತ್ತ ನಿಂತೆ. ಬಸ್ಸಿನವನು ಇನ್ನೊಮ್ಮೆ ಹಾರ್ನು ಹೊಡೆದ. ಆಮೇಲೆ ಕಾರು ಒಂದು ಬೆರಳೂ ಹಿಂದೆ ಜಾರದೆ, ಎಣ್ಣೆ ಹಚ್ಚಿದ ಹಾಗೆ ಏರು ಹತ್ತಿತು. ಮೇಲೆ ತಿರುಗಿ, ಇಳಿದು ಬಂದು, ಸರಿಯಾಗಿ ನನ್ನ ಎದುರಿಗೆ ನಿಂತಿತು.

ಸಾಹೇಬರು ಮೂಗು ಒರೆಸಿಕೊಳ್ಳುತ್ತ, "ಪಾಸ್ ರೀ ಅಕ್ಕಾರ, ಪಾಸ್. ಇನ್ನ ಇಳೀತೀನಿ, ಬಾಗ್ಲಾ ತಗೀರಿ," ಎಂದರು.

ಗಂಗಕ್ಕ ಅವರ ಕಡೆ ನೋಡಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನನ್ನು ನೋಡಿದಳು. ನನ್ನ ಮುಖ ಹೇಗಿತ್ತೋ, "ಅಯ್ಯೋ ಮಾಸ್ತ್ರೇ, ಎಲ್ಲ ಮುಗತ್ತು. ಉಸ್ರು ಬಿಡಿ!" ಎಂದಳು.

ಅವಳು ಏರು ಹತ್ತಲು ಶುರು ಮಾಡಿದಾಗ ಹಿಡಿದ ಉಸಿರನ್ನು ನಾನು ಬಿಟ್ಟೇ ಇರಲಿಲ್ಲ. ಬಿಟ್ಟೆ. ಹೊಕ್ಕುಳ ಕೆಳಗಿನಿಂದ, ಉದ್ದಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ದತ್ತಣ್ಣ ಬೆನ್ನು ತಟ್ಟಿದ. ಸುರೇಶ ಕನ್ನಡಕ ಹಾಕಿಕೊಂಡು ಮೆತ್ತಗೆ ನಗುತ್ತಲೇ ಆ ಕಡೆ ಹೋದ. ನಾನು ಬಾಗಿಲು ತೆರೆದು, ಸಾಹೇಬರು ಇಳಿದ ಮೇಲೆ ಎಡಗಡೆ ಸೀಟಿನಲ್ಲಿ ಕೂತೆ. ಹಿಂದಿನ ಸಂಜೆ ಸುರೇಶ ಎಳೆದಿಟ್ಟ ಹಾಗೆ ಅದು ಇನ್ನೂ ಮುಂದಕ್ಕೇ ಇತ್ತು. ಕೆಳಗೆ ಕೈ ಹಾಕಿ ಲಿವರು ಎತ್ತಿ, ಸೀಟನ್ನು ಹಿಂದಕ್ಕೆ, ಅದರ ಕೊನೆಯವರೆಗೂ ತಳ್ಳಿದೆ. ನಾನು ನಿವೃತ್ತನಾಗುವವರೆಗೂ ಅದು ಅಲ್ಲೇ ಇತ್ತು.